ಕನ್ನಡ ಪ್ರಬಂಧಕ್ಕೆ ಕನ್ನಡದ್ದೇ ಕಟ್ಟಳೆ ಬೇಕು



ನಾಮಫಲಕ ಕನ್ನಡದಲ್ಲಿರಲಿ ಎಂದು ನಾವು ಬೀದಿಗಿಳಿಯುತ್ತೇವೆ. ಇಳಿಯಲೇಬೇಕು. ಆದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕನ್ನಡದಲ್ಲೇ ಬರೆದ ಸಂಶೋಧನಾ ಪ್ರಬಂಧದ ಕೊನೆಯ ಹತ್ತು ಪುಟಗಳನ್ನು ಯಾವತ್ತಾದರೂ ತೆರೆದು ನೋಡಿದ್ದೀರಾ? ಅಲ್ಲಿ ಕನ್ನಡ ಅನಾಥವಾಗಿದೆ.

ನಾನು ಪಂಡಿತನಲ್ಲ. ಪಿ.ಯು.ಸಿ. ಓದಿ ಮುದ್ರಣಾಲಯ ನಡೆಸುವವನು. ಎಂ.ಎ., ಪಿಎಚ್.ಡಿ. ವಿದ್ಯಾರ್ಥಿಗಳ ಪ್ರಬಂಧಗಳಿಗೆ ಪುಟ ಕಟ್ಟಿ, ರಟ್ಟು ಹಾಕಿ ಕೊಡುವುದು ನನ್ನ ಕಸುಬು. ಹಾಗಾಗಿ ದಿನವೂ ಕಣ್ಣಿಗೆ ಬೀಳುವುದನ್ನೇ ಹೇಳುತ್ತೇನೆ.

ಅಮೆರಿಕದ ಎ.ಪಿ.ಎ., ಎಂ.ಎಲ್.ಎ. ಪದ್ಧತಿಯಂತೆ ಕೊನೆಯ ಹೆಸರನ್ನು ಮೊದಲು ಹಾಕಿ ಎಂದು ಮಾರ್ಗದರ್ಶಕರು ಹೇಳಿ ಕಳಿಸುತ್ತಾರೆ. ಆ ಪದ್ಧತಿಗಳು ಕೆಟ್ಟವಲ್ಲ. ಹುಟ್ಟಿದ ನಾಡಿನ ಹೆಸರುಗಳಿಗೆ ಅವು ಸರಿಯಾಗಿ ಹೊಂದುತ್ತವೆ. ಅದನ್ನೇ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರಿಗೆ ಹೊಂದಿಸಿ ನೋಡಿ! ಕನ್ನಡಿಗರು 'ಮಾಸ್ತಿ' ಎಂದು ಹುಡುಕುತ್ತಾರೆ. ಪಟ್ಟಿಯಲ್ಲಿ ಅವರು 'ಅಯ್ಯಂಗಾರ್' ಆಗಿ ಅಕಾರದಲ್ಲಿ ಅಡಗಿರುತ್ತಾರೆ. ನಾಡೇ ಊರ ಹೆಸರಿನಿಂದ ಕರೆದ ಲೇಖಕರನ್ನು ಜಾತಿಯ ಹೆಸರಿನಡಿ ಇಡುವುದು ಯಾವ ಶಾಸ್ತ್ರ? ಒಂದೇ ಪಟ್ಟಿಯಲ್ಲಿ ಕುವೆಂಪು ಒಂದು ಕಡೆ, ಪುಟ್ಟಪ್ಪ ಕೆ.ವಿ. ಇನ್ನೊಂದು ಕಡೆ. ಬೇಂದ್ರೆ ಒಂದು ಕಡೆ, ಅಂಬಿಕಾತನಯದತ್ತ ಇನ್ನೊಂದು ಕಡೆ. ಒಬ್ಬರೇ ಇಬ್ಬರಾದರು!

ಇನ್ನು 'ಸಂ.' ಎಂಬ ಒಂದಕ್ಷರದ ಅವಾಂತರ. ಸಂಪಾದಕರಿಗೂ ಅದೇ, ಸಂಪುಟಕ್ಕೂ ಅದೇ, ಸಂಚಿಕೆಗೂ ಅದೇ. ಓದುವವನು ಏನೆಂದು ತಿಳಿಯಬೇಕು?

ಶಾಸನಗಳ ಪಾಡು ಇನ್ನೂ ಕಷ್ಟ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಬೇಲೂರು ಇರುವುದು 5ನೆಯ ಸಂಪುಟದಲ್ಲಿ. 1972ರಿಂದ ಮೈಸೂರು ವಿಶ್ವವಿದ್ಯಾಲಯ ಹೊರತಂದ ಪರಿಷ್ಕೃತ ಮುದ್ರಣದಲ್ಲಿ ಅದು 9ನೆಯ ಸಂಪುಟ. ಯಾವ ಮುದ್ರಣ ಎಂದು ಬರೆಯದೆ 'ಬೇಲೂರು' ಎಂದು ಸಂಖ್ಯೆಯೊಂದನ್ನು ಹಾಕಿದರೆ, ಮುಂದೆ ಬರುವ ವಿದ್ಯಾರ್ಥಿ ಬೇರೆಯೇ ಕಲ್ಲಿನ ಮುಂದೆ ನಿಲ್ಲುತ್ತಾನೆ.

ಇದು ಅಲಂಕಾರದ ಮಾತಲ್ಲ, ಪದವಿಯ ಪ್ರಶ್ನೆ. ಯು.ಜಿ.ಸಿ.ಯ 2018ರ ನಿಯಮದ ಪ್ರಕಾರ ಕೃತಿಚೌರ್ಯದ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು. ಮೂಲ ತಿಳಿಸಿ ಉದ್ಧರಿಸಿದ ಭಾಗ ಮತ್ತು ಗ್ರಂಥಸೂಚಿ ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಸರಿಯಾದ ಅಡಿಟಿಪ್ಪಣಿಯೇ ಬಡ ವಿದ್ಯಾರ್ಥಿಗೆ ರಕ್ಷೆ. ಆದರೆ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಕಡತ ನಮ್ಮ ಕಣ್ಣಿಗೆ ಕನ್ನಡ. ಗಣಕಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಅಲ್ಲಿ ಕದ್ದವನು ಸಿಕ್ಕಿಬೀಳುವುದಿಲ್ಲ, ಬೆವರು ಸುರಿಸಿದವನ ಬರಹ ಮುಂದಿನವರ ಹುಡುಕಾಟಕ್ಕೂ ಸಿಗುವುದಿಲ್ಲ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮೈಸೂರು, ಧಾರವಾಡಗಳ ಕನ್ನಡ ವಿಭಾಗಗಳು, ಸಾಹಿತ್ಯ ಪರಿಷತ್ತು ಒಂದೆಡೆ ಕುಳಿತು ಎಲ್ಲರಿಗೂ ಒಂದೇ ಕಟ್ಟಳೆ ಮಾಡಲಿ. ಲೇಖಕರು ನಾಡಿಗೆ ಪರಿಚಿತರಾದ ಹೆಸರು ಮೊದಲು, ಇನ್ನೊಂದು ಹೆಸರು ಆವರಣದಲ್ಲಿ ಇರಲಿ. ಪಟ್ಟಿ ಕನ್ನಡದ ಅಕಾರಾದಿಯಲ್ಲಿರಲಿ. ಸಂಪಾದಕ, ಸಂಪುಟ, ಸಂಚಿಕೆ ಎಂದು ಪೂರ್ತಿ ಬರೆಯಲಿ. ಮುದ್ರಣದ ವರ್ಷ, ಪುಟಸಂಖ್ಯೆ ತಪ್ಪದಿರಲಿ. ಕಡತ ಯೂನಿಕೋಡಿನಲ್ಲೇ ಇರಲಿ. ಇಪ್ಪತ್ತು ಪುಟದ ಕೈಪಿಡಿ ಸಾಕು. ಅದನ್ನು ಪ್ರತಿ ಕಾಲೇಜಿಗೂ, ನಮ್ಮಂಥ ಮುದ್ರಣಾಲಯಗಳಿಗೂ ಕಳಿಸಲಿ.

ಪ್ರಾಧ್ಯಾಪಕರೇ, ಕನ್ನಡದಲ್ಲಿ ಸಂಶೋಧನೆ ಮಾಡಿ ಎಂದು ವೇದಿಕೆಯಿಂದ ಕರೆ ಕೊಟ್ಟರೆ ಮುಗಿಯಲಿಲ್ಲ. ಇನ್ನೊಬ್ಬರ ಮಾತನ್ನು ಇನ್ನೊಬ್ಬರದೆಂದು ಕನ್ನಡದಲ್ಲೇ ಹೇಳುವ ಕ್ರಮವನ್ನು ಮಕ್ಕಳಿಗೆ ಕಲಿಸಿ. ಹೋರಾಟಗಾರ ಮಿತ್ರರೇ, ಮುಂದಿನ ಮನವಿಪತ್ರದಲ್ಲಿ ಈ ಬೇಡಿಕೆಯನ್ನೂ ಸೇರಿಸಿ!