ಭಾವಚಿತ್ರದಲ್ಲಿ ಮೈಬಣ್ಣ: ಒಬ್ಬ ಚಿತ್ರಕಲಾ ಶಿಕ್ಷಕನ ಅರಿಕೆ

ಈ ಸಂಸ್ಮರಣ ಸಂಚಿಕೆಗೆ ಚಿತ್ರಕಲೆಯನ್ನು ಕುರಿತು ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಕಲೆಯ ಮಹತ್ತ್ವ, ರಸಾಸ್ವಾದ ಮುಂತಾದ ಹಿರಿಯ ವಿಷಯಗಳು ಮನಸ್ಸಿಗೆ ಬಂದದ್ದುಂಟು. ಅವನ್ನು ಬಲ್ಲವರು ಬರೆದಾರು. ಮೂರು ದಶಕಗಳ ಕಾಲ ಪ್ರೌಢಶಾಲೆಗಳಲ್ಲಿ ಚಿತ್ರಕಲೆಯನ್ನು ಬೋಧಿಸಿದ ನನಗೆ ಅಧಿಕಾರವಿರುವುದು ಒಂದು ಸಣ್ಣ ಸಂಗತಿಯ ಮೇಲೆ ಮಾತ್ರ. ಬಣ್ಣದ ಪೆನ್ಸಿಲಿನಿಂದ ಮನುಷ್ಯನ ಮುಖವನ್ನು ಬರೆಯುವಾಗ ಮಕ್ಕಳು ಯಾವ ಬಣ್ಣ ಹಚ್ಚುತ್ತಾರೆ, ನಾವು ಯಾವ ಬಣ್ಣ ಹಚ್ಚಿಸುತ್ತೇವೆ ಎಂಬುದೇ ಆ ಸಂಗತಿ. ಸಣ್ಣದೆಂದು ತೋರುವ ಇದರೊಳಗೆ ಮಗುವಿನ ಆತ್ಮಗೌರವದ ಪ್ರಶ್ನೆ ಅಡಗಿದೆಯೆಂಬುದು ನಾನು ತಪ್ಪು ಮಾಡಿ ಕಲಿತ ಪಾಠ.

ಅಂಗಡಿಯಲ್ಲಿ ದೊರೆಯುವ ಬಣ್ಣದ ಪೆಟ್ಟಿಗೆಗಳಲ್ಲಿ ಗುಲಾಬಿಯೂ ಕಿತ್ತಳೆಯೂ ಬೆರೆತಂತಿರುವ ತಿಳಿಬಣ್ಣದ ಕಡ್ಡಿಯೊಂದನ್ನು ನಾವೆಲ್ಲರೂ ಕಂಡಿದ್ದೇವೆ. ಮಕ್ಕಳು ಅದನ್ನು 'ಸ್ಕಿನ್ ಕಲರ್' ಎಂದು ಕರೆಯುತ್ತಾರೆ. ಶಿಕ್ಷಕರಾದ ನಾವೂ ಹಾಗೆಯೇ ಕರೆಯುತ್ತ ಬಂದಿದ್ದೇವೆ. ಆ ಕಡ್ಡಿಯ ಬಣ್ಣಕ್ಕೂ ಅದನ್ನು ಹಿಡಿದ ಬೆರಳುಗಳ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಕಣ್ಣು ಕಾಣುತ್ತಿದ್ದರೂ ಮನಸ್ಸು ಕಾಣುವುದಿಲ್ಲ. ಈ ರೂಢಿ ನಮ್ಮದು ಮಾತ್ರವಲ್ಲ. ಅಮೆರಿಕದ ಕ್ರೆಯೋಲಾ ಕಂಪನಿಯವರು ಇಂಥದೇ ತಿಳಿಬಣ್ಣದ ಮೇಣದ ಕಡ್ಡಿಗೆ ಇಟ್ಟಿದ್ದ 'ಫ್ಲೆಶ್' ಎಂಬ ಹೆಸರನ್ನು 1962ರಲ್ಲಿ ಕೈಬಿಟ್ಟು 'ಪೀಚ್' ಎಂದು ಬದಲಿಸಿದರು. 2020ರಲ್ಲಿ ಮನುಷ್ಯರ ಮೈಬಣ್ಣಗಳಿಗೆಂದೇ 24 ಕಡ್ಡಿಗಳ ಪೆಟ್ಟಿಗೆಯನ್ನು ಹೊರತಂದರು. ಹೆಸರು ತಪ್ಪೆಂದು ಅರಿಯುವುದಕ್ಕೂ ಬಣ್ಣಗಳನ್ನು ಒದಗಿಸುವುದಕ್ಕೂ ನಡುವೆ 58 ವರ್ಷಗಳು ಕಳೆದವು. ನಮ್ಮ ಊರಿನ ಅಂಗಡಿಗೆ ಅಂಥ ಪೆಟ್ಟಿಗೆ ಬರಲೆಂದು ಕಾಯುತ್ತ ಕೂರಬೇಕಾಗಿಲ್ಲವೆಂಬುದನ್ನು ಮುಂದೆ ನಿವೇದಿಸುತ್ತೇನೆ.

ಕನ್ನಡಿಗರಿಗೆ ಈ ವಿಷಯದಲ್ಲಿ ಪದದಾರಿದ್ರ್ಯವಂತೂ ಇಲ್ಲ. ವೃತ್ತಪತ್ರಿಕೆಗಳಲ್ಲಿ ಕಾಣೆಯಾದವರನ್ನು ಕುರಿತು ಪೊಲೀಸರು ಹೊರಡಿಸುವ ಪ್ರಕಟಣೆಯನ್ನು ನೋಡಿ: ಕೋಲುಮುಖ, ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಮೈಬಣ್ಣ ಎಂದಿರುತ್ತದೆ. ಇನ್ನೊಬ್ಬನದು ಎಣ್ಣೆಗಪ್ಪು, ಮತ್ತೊಬ್ಬಳದು ಗೋಧಿ ಬಣ್ಣ. ಕಳೆದುಹೋದ ಮನುಷ್ಯನನ್ನು ಹುಡುಕಬೇಕಾದಾಗ ನಾವು ಬಣ್ಣವನ್ನು ಎಷ್ಟು ಎಚ್ಚರದಿಂದ ಹೇಳುತ್ತೇವೆ! 'ಎಣ್ಣೆ' ಎಂಬ ಒಂದೇ ಪದದಲ್ಲಿ ಚರ್ಮದ ಹೊಳಪನ್ನೂ ಹಿಡಿದಿಟ್ಟ ಭಾಷೆ ನಮ್ಮದು. ಬಿಳುಪಾದವರನ್ನು 'ಕೆಂಪಗಿದ್ದಾರೆ' ಎನ್ನುವ ನಮ್ಮ ಹಳ್ಳಿಯ ಹಿರಿಯರಿಗೆ, ತಿಳಿಚರ್ಮದಲ್ಲಿ ಕಾಣುವುದು ಬಿಳಿಯಲ್ಲ, ಒಳಗಿನ ನೆತ್ತರ ಛಾಯೆ ಎಂಬುದು ಯಾವ ಕಲಾಶಾಲೆಗೂ ಹೋಗದೆ ತಿಳಿದಿತ್ತು. ಕಳೆದುಹೋದವರಿಗೆ ಸಲ್ಲುವ ಈ ಎಚ್ಚರ ಕಣ್ಣೆದುರಿಗಿರುವ ಮಕ್ಕಳಿಗೆ ಏಕೆ ಸಲ್ಲಬಾರದು?

ಇನ್ನು ನನ್ನ ತಪ್ಪಿನ ಮಾತು. ಸುಮಾರು 25 ವರ್ಷಗಳ ಹಿಂದೆ ಜಗಳೂರು ಸೀಮೆಯ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ 'ನನ್ನ ತಾಯಿ' ಎಂಬ ವಿಷಯವನ್ನು ಕೊಟ್ಟಿದ್ದೆ. ಶೇಂಗಾ ಹೊಲದಲ್ಲಿ ಕೂಲಿ ಮಾಡುವ ತಾಯಿಯ ಮಗಳೊಬ್ಬಳು ಕಂದು ಬಣ್ಣದ ಮೇಲೆ ನೇರಳೆಯನ್ನು ತೆಳುವಾಗಿ ಹಾಯಿಸಿ, ಕೆನ್ನೆಯ ಎಲುಬಿನ ಮೇಲೆ ಒಂದಿಷ್ಟು ನೀಲಿಯನ್ನು ಸೋಕಿಸಿ ಮುಖವೊಂದನ್ನು ಬರೆದಿದ್ದಳು. ಮರುವಾರ ಅಧಿಕಾರಿಗಳ ಭೇಟಿಯಿತ್ತು. ಗೋಡೆಗೆ ಚಿತ್ರಗಳನ್ನು ಅಂಟಿಸಬೇಕಾಗಿತ್ತು. ಮುಖ ತೀರ ಕಪ್ಪಾಯಿತೆಂದು ಭಾವಿಸಿದ ನಾನು ಆ ತಿಳಿಬಣ್ಣದ ಕಡ್ಡಿಯನ್ನು ತೆಗೆದುಕೊಂಡು ಒತ್ತಿ ಒತ್ತಿ ಹಚ್ಚಿ, "ಈಗ ನೋಡವ್ವ, ಎಷ್ಟು ಲಕ್ಷಣವಾಯಿತು" ಎಂದೆ. ಆಕೆ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, "ಚೆನ್ನಾಗೈತ್ರಿ ಸಾರ್. ಆದ್ರೆ ಇದು ನಮ್ಮವ್ವ ಅಲ್ಲ" ಎಂದಳು. ಸರಿಪಡಿಸಲು ನೋಡಿದೆ, ಆಗಲಿಲ್ಲ. ಬಣ್ಣದ ಪೆನ್ಸಿಲಿನಲ್ಲಿ ಮೇಣವಿರುತ್ತದೆ. ಒತ್ತಿ ಹಚ್ಚಿದರೆ ಅದು ಕಾಗದದ ಸೂಕ್ಷ್ಮವಾದ ಒರಟನ್ನೆಲ್ಲ ತುಂಬಿಬಿಡುತ್ತದೆ. ಆಮೇಲೆ ಬೇರೆ ಬಣ್ಣ ಅದರ ಮೇಲೆ ನಿಲ್ಲುವುದಿಲ್ಲ, ರಬ್ಬರಿಗೂ ಅದು ಪೂರ್ತಿ ಬಿಟ್ಟುಕೊಡುವುದಿಲ್ಲ. ಆ ಚಿತ್ರವನ್ನು ಗೋಡೆಗೆ ಹಾಕಿದೆವು, ಬಂದವರು ಮೆಚ್ಚಿಯೂ ಮೆಚ್ಚಿದರು. ಬಾಲಕಿ ಮಾತ್ರ ಅದನ್ನು ಮರಳಿ ಕೇಳಲೇ ಇಲ್ಲ.

ಆಕೆ ಮಾಡಿದ್ದೇ ಸರಿಯಾಗಿತ್ತೆಂಬುದಕ್ಕೆ ವಿಜ್ಞಾನವೂ ಸಾಕ್ಷಿ ನುಡಿಯುತ್ತದೆ. ಚರ್ಮವೆಂಬುದು ಗೋಡೆಗೆ ಬಳಿದ ಸುಣ್ಣದಂತೆ ಒಂದೇ ಬಣ್ಣದ ಲೇಪವಲ್ಲ. ಅದರ ಮೇಲ್ಪದರದಲ್ಲಿ ಮೆಲನಿನ್ ಎಂಬ ಕಂದು ವರ್ಣದ್ರವ್ಯವಿದೆ. ಕೆಳಗೆ ರಕ್ತ ಹರಿಯುತ್ತಿದೆ. ಬೆಳಕು ಸ್ವಲ್ಪ ದೂರ ಒಳಹೊಕ್ಕು, ಚದುರಿ, ಇವೆರಡರ ಛಾಯೆಯನ್ನೂ ಹೊತ್ತು ಹೊರಬರುತ್ತದೆ. ಆದುದರಿಂದಲೇ ಹಣೆಗಿಂತ ಕೆನ್ನೆ, ಮೂಗಿನ ತುದಿ, ಕಿವಿಗಳು ಕೆಂಪು. ಕ್ಷೌರ ಮಾಡಿದ ಗಂಡಸಿನ ಗದ್ದ ಬೂದು ನೀಲಿ. ಇಟಲಿಯ ಹಿಂದಿನ ಕಾಲದ ವರ್ಣಚಿತ್ರಕಾರರು ಮುಖಕ್ಕೆ ಮೊದಲು ಹಸಿರು ಮಣ್ಣಿನ ಪದರವನ್ನು ಕೊಟ್ಟು ಅದರ ಮೇಲೆ ಕೆಂಪು ಛಾಯೆಗಳನ್ನು ತರುತ್ತಿದ್ದರು. ನಮ್ಮ ಅಜಂತಾದ ಭಿತ್ತಿಚಿತ್ರಗಳಲ್ಲಿ ಶ್ಯಾಮಲರೂ ಕಂದುಬಣ್ಣದವರೂ ಗೌರವರ್ಣದವರೂ ಒಂದೇ ಸಭೆಯಲ್ಲಿ ಸಮಾನ ಸೌಂದರ್ಯದಿಂದ ಕುಳಿತಿದ್ದಾರೆ.

ಬಣ್ಣದ ಪೆನ್ಸಿಲ್ ಚರ್ಮದ ಈ ಸ್ವಭಾವಕ್ಕೆ ಒಪ್ಪುವ ಸಾಧನ. ಇದರ ಬಣ್ಣಗಳನ್ನು ತಟ್ಟೆಯಲ್ಲಿ ಕಲಸಲಾಗದು. ಒಂದರ ಮೇಲೊಂದು ತೆಳುಪದರಗಳಾಗಿ ಕಾಗದದ ಮೇಲೆಯೇ ಬೆರೆಸಬೇಕು. 12 ಕಡ್ಡಿಗಳ ಸಾಮಾನ್ಯ ಪೆಟ್ಟಿಗೆಯೇ ಸಾಕು. ಕಡ್ಡಿಯನ್ನು ಮೆಂಡರಿನಿಂದ ಚೂಪು ಮಾಡಿ, ಕೈ ಹಗುರವಾಗಿಟ್ಟು, ಸಣ್ಣ ಸಣ್ಣ ಸುತ್ತುಗಳಲ್ಲಿ ಮೊದಲು ಹಳದಿ, ಅದರ ಮೇಲೆ ಕಿತ್ತಳೆ ಅಥವಾ ಕೆಂಪು, ಆಮೇಲೆ ಕಂದು ಎಂಬ ಕ್ರಮದಲ್ಲಿ ಹಚ್ಚುತ್ತ ಹೋಗಬೇಕು. ನೆರಳಿಗೆ ನೇರಳೆ ಅಥವಾ ನೀಲಿಯನ್ನು ಕಂದಿನೊಡನೆ ಬೆರೆಸಬೇಕೇ ಹೊರತು ಬರಿಯ ಕಪ್ಪನ್ನಲ್ಲ. ಬರಿಯ ಕಪ್ಪು ಮುಖವನ್ನು ಮಸಿಯಾಗಿಸುತ್ತದೆ. ಅದು ಕಣ್ಣಿನ ಪಾಪೆಗೂ ಮೂಗಿನ ಹೊಳ್ಳೆಗೂ ಇರಲಿ. ಹೊಳಪಿನ ಜಾಗವನ್ನು ಮೊದಲೇ ಗುರುತಿಸಿ ಬಿಡಬೇಕು. ಎಣ್ಣೆಗಪ್ಪು ಮೈಯ ಮೇಲೆ ಹೊಳಪು ಹೆಚ್ಚು ಸ್ಪಷ್ಟ. ಬಯಲಿನಲ್ಲಿ ಅದು ಆಕಾಶದ ತಿಳಿನೀಲಿಯನ್ನು ಹೊತ್ತಿರುತ್ತದೆ. ಅಲ್ಲಿ ಬಿಳಿಯ ಕಡ್ಡಿಯನ್ನು ಉಜ್ಜಿದರೆ ಬೂದಿ ಬಳಿದಂತಾಗುತ್ತದೆ. ಪುಸ್ತಕಕ್ಕೆ ಹೊದಿಕೆ ಹಾಕುವ ಕಂದು ಕಾಗದದ ನುಣುಪಿಲ್ಲದ ಬದಿಯಲ್ಲಿ ಬರೆಸಿ ನೋಡಿ: ನಡುವಣ ಛಾಯೆಯನ್ನು ಕಾಗದವೇ ಕೊಡುತ್ತದೆ, ಮಗು ನೆರಳು ಬೆಳಕುಗಳನ್ನಷ್ಟೇ ಸೇರಿಸಿದರೆ ಸಾಕು.

ಎಲ್ಲಕ್ಕಿಂತ ಮಿಗಿಲಾಗಿ, ಮೈಬಣ್ಣವೆಂಬುದು ನಿಂತ ಜಾಗದ ಬೆಳಕಿಗೂ ಅಧೀನವಾದುದು. ಇದಕ್ಕೆ ನಮ್ಮ ನಾಲ್ಕು ತಾಲೂಕುಗಳಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಒಬ್ಬನೇ ಹುಡುಗನನ್ನು ಚನ್ನಗಿರಿಯ ಅಡಿಕೆ ತೋಟದೊಳಗೆ ನಿಲ್ಲಿಸಿದರೆ ಅವನ ಕೆನ್ನೆಗೆ ಎಲೆಗಳ ಹಸಿರು ಇಳಿಯುತ್ತದೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಗೆ ಕರೆತಂದರೆ ನೀರಿನಿಂದ ಚಿಮ್ಮಿದ ಬೆಳಕು ಗದ್ದದ ಕೆಳಗಿನ ನೆರಳನ್ನೂ ತಿಳಿಗೊಳಿಸುತ್ತದೆ. ಜಗಳೂರಿನ ಬಯಲಿನಲ್ಲಿ ನಡುಹಗಲಿನ ಬಿಸಿಲಿಗೆ ನಿಂತರೆ ಹುಬ್ಬಿನ ಕೆಳಗೆ ಕಡುನೇರಳೆಯ ನೆರಳು ಮಡುಗಟ್ಟುತ್ತದೆ. ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿಗೆಂದು ನೆರೆಯುವ ಲಂಬಾಣಿ ಮಹಿಳೆಯರ ಕೆಂಪು ಉಡುಪು, ಕನ್ನಡಿಯ ಕಸೂತಿಗಳು ಅವರ ಮುಖದ ಮೇಲೆಯೇ ಕೆಂಪನ್ನೂ ಕಿಡಿಗಳನ್ನೂ ಚೆಲ್ಲುತ್ತವೆ. ಇಷ್ಟು ಬಗೆಯ ಬಣ್ಣಗಳನ್ನು ಒಂದು ಕಡ್ಡಿ ಹೇಗೆ ತಾನೇ ಹೊತ್ತೀತು? ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಎಸ್. ಎಲ್. ಹಳದಣಕರ್ ಅವರು ಜಲವರ್ಣದಲ್ಲಿ ಬರೆದ ದೀಪ ಹಿಡಿದ ಮಹಿಳೆಯನ್ನು ಕಂಡವರು, ಜ್ವಾಲೆಗೆ ಅಡ್ಡ ಹಿಡಿದ ಆಕೆಯ ಬೆರಳುಗಳ ಕೆಂಪನ್ನು ಮರೆಯಲಾರರು. ಆ ಕೆಂಪು ಯಾವ ಪೆಟ್ಟಿಗೆಯಿಂದಲೂ ಬಂದುದಲ್ಲ; ನೋಟದಿಂದ ಬಂದುದು.

ಮಕ್ಕಳಿಗೆ ಅವರ ಕಪ್ಪನ್ನು ತೋರಿಸಿದರೆ ನೋವಾಗದೇ ಎಂದು ಸಹೃದಯರಾದ ಕೆಲವರು ಕೇಳಿದ್ದುಂಟು. ಕೇಳತಕ್ಕ ಪ್ರಶ್ನೆಯೇ. ಹೆಣ್ಣು ನೋಡಲು ಬಂದವರು ಬಣ್ಣವನ್ನು ತೂಗಿ ನೋಡುವ ಸಮಾಜದಲ್ಲಿ ಆ ನೋವು ಕಲ್ಪನೆಯದಲ್ಲ. ಆದರೆ ನೋವು ಹುಟ್ಟುವುದು ಬಣ್ಣದಿಂದಲ್ಲ, ಅದನ್ನು ಮುಚ್ಚಬೇಕೆಂದು ನಾವು ತೋರುವ ಆತುರದಿಂದ. ತಿದ್ದಬೇಕಾದದ್ದು ಮುಖವೆಂದು ಗುರುವೇ ತೋರಿಸಿಕೊಟ್ಟರೆ ಮಗು ಯಾರಲ್ಲಿ ದೂರಿಕೊಂಡೀತು? ತನ್ನ ಕೈಯ ಹಿಂಬದಿಯನ್ನು ಹಾಳೆಯ ಪಕ್ಕದಲ್ಲಿಟ್ಟು, ಐದಾರು ಬಣ್ಣಗಳನ್ನು ಬೆರೆಸಿ, ಕಡೆಗೆ ಅದೇ ಬಣ್ಣವನ್ನು ತಂದ ಮಗುವಿನ ಮುಖದಲ್ಲಿ ನಾನು ಕಂಡದ್ದು ನಾಚಿಕೆಯನ್ನಲ್ಲ, ಗೆದ್ದ ಸಂತೋಷವನ್ನು.

ಆದುದರಿಂದ ನನ್ನ ಅರಿಕೆ ಇಷ್ಟೇ. ಶಿಕ್ಷಕ ಬಂಧುಗಳು ತರಗತಿಯಲ್ಲಿ 'ಸ್ಕಿನ್ ಕಲರ್' ಎಂಬ ಮಾತನ್ನು ಇಂದಿನಿಂದಲೇ ಬಿಡಲಿ. ಆ ಕಡ್ಡಿಗೆ ತಿಳಿಗುಲಾಬಿ ಎಂಬ ಹೆಸರು ಸಾಕು. ಪ್ರತಿಭಾ ಕಾರಂಜಿಯೇ ಮೊದಲಾದ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿ ಕೂರುವವರು ಮುಖ ಬೆಳ್ಳಗಿದೆಯೇ ಎಂದು ನೋಡದೆ, ಮಗು ಕಂಡು ಬರೆದಿದೆಯೇ ಎಂದು ನೋಡಲಿ. ದಾನಿಗಳು ಶಾಲೆಗೆ ಬಣ್ಣದ ಪೆಟ್ಟಿಗೆಗಳನ್ನು ಕೊಡುವಾಗ ಕಂದಿನ ಎರಡು ಮೂರು ಛಾಯೆಗಳಿರುವುದನ್ನು ಆರಿಸಿಕೊಡಲಿ. ಹಿರಿಯರ ಭಾವಚಿತ್ರಗಳನ್ನು ಬರೆಸಿ ಸಭಾಂಗಣಕ್ಕೆ ಅರ್ಪಿಸುವಾಗ, ಬಿಸಿಲಿನಲ್ಲಿ ಊರೂರು ತಿರುಗಿ ಈ ವಿದ್ಯಾಸಂಸ್ಥೆಗಳನ್ನು ಕಟ್ಟಿದವರ ಮುಖವನ್ನು ಗುಲಾಬಿಯಾಗಿಸಬೇಡಿರೆಂದು ಚಿತ್ರಕಾರನಿಗೆ ಒಂದು ಮಾತು ಹೇಳಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮಗು ಬರೆದ ಮನೆಯವರ ಚಿತ್ರವನ್ನು ಕಂಡಾಗ, ಮುಖ ಏಕೆ ಇಷ್ಟು ಕಪ್ಪಾಯಿತು ಎಂದು ಕೇಳುವ ಮುನ್ನ ಕನ್ನಡಿಯನ್ನೊಮ್ಮೆ ನೋಡಿಕೊಳ್ಳಲಿ.

ಆ ಬಾಲಕಿ ಈಗ ಎಲ್ಲಿದ್ದಾಳೆಂಬುದನ್ನು ನಾನರಿಯೆ. ಆಕೆಯ ಕೈಗೆ ಈ ಸಂಚಿಕೆ ಸಿಕ್ಕರೆ ತಿಳಿಯಲಿ: ಅಂದು ಆಕೆ ಬರೆದ ಬಣ್ಣವೇ ಸರಿಯಾಗಿತ್ತು, ತಪ್ಪು ಮೇಷ್ಟರದು.