ಹಳೇ ಸ್ಟೇಷನ್ನು ಯಾರ ಆಸ್ತಿ?



ಬೆಲೆ, ಸಾಲ, ಜಪ್ತಿಯ ಮಾತಾಡುವ ಪತ್ರಿಕೆಯಲ್ಲಿ ಮುರುಕು ರೈಲ್ವೆ ಸ್ಟೇಷನ್ನಿನ ಮಾತೇಕೆ ಅಂತ ನೀವು ಕೇಳಬಹುದು. ಇದೂ ಬೆಲೆಯ ಮಾತೇ, ಸಾಲದ ಮಾತೇ. ಸಮಾಧಾನದಿಂದ ಓದಿ.

ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರದ ಮೇಲೆ ಬಂಗಾರಪೇಟೆಗೆ ಹೋಗುವ ರೈಲು ದಾರಿ ನಿಮಗೆ ಗೊತ್ತು. ಇದು ಹುಟ್ಟಿದ್ದು ಎರಡೂವರೆ ಅಡಿ ಅಗಲದ ಪುಟ್ಟ ಹಳಿಯಾಗಿ. ಬಂಗಾರಪೇಟೆ–ಕೋಲಾರದ ತುಂಡು 1913ರಲ್ಲಿ, ಯಲಹಂಕ–ಚಿಕ್ಕಬಳ್ಳಾಪುರದ ತುಂಡು 1915ರಲ್ಲಿ ಶುರುವಾಯಿತು. ಬಂಗಾರಪೇಟೆ–ಕೋಲಾರದ ದಾರಿಗೆ ಹಣ ಹಾಕಿದ್ದು ಜಿಲ್ಲಾ ಬೋರ್ಡು. ಬೋರ್ಡಿಗೆ ಹಣ ಎಲ್ಲಿಂದ ಬರುತ್ತಿತ್ತು? ಕಂದಾಯದ ಜೊತೆಗೆ ಸೆಸ್ಸು ಕಟ್ಟಿದ ರೈತನಿಂದ! ಮಳೆ ಬರಲಿ ಬಿಡಲಿ, ನಮ್ಮ ಅಜ್ಜ ಮುತ್ತಜ್ಜಂದಿರು ಕಟ್ಟಿದರು. ಆದರೆ ಇವತ್ತು ಆ ಕಟ್ಟಡಗಳ ಬಗ್ಗೆ ನಮ್ಮನ್ನು ಕೇಳುವವರೇ ಇಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

1992ರಲ್ಲಿ ದೇಶದ ಹಳಿಗಳೆಲ್ಲ ಒಂದೇ ಅಗಲಕ್ಕೆ ಬರಬೇಕೆಂಬ ಯೋಜನೆ ಬಂತು. ಒಳ್ಳೆಯದೇ, ಬೇಡವೆಂದವರಾರು? ಆದರೆ ಪುಟ್ಟ ರೈಲು ನಿಂತ ಮೇಲೆ ಕೋಲಾರ–ಚಿಕ್ಕಬಳ್ಳಾಪುರದ ನಡುವೆ ದೊಡ್ಡ ರೈಲು ಓಡಲು 2013 ಬರಬೇಕಾಯಿತು. ಅಷ್ಟರಲ್ಲಿ ಕಲ್ಲುಗೋಡೆ, ಮಂಗಳೂರು ಹೆಂಚಿನ ಎಷ್ಟೋ ಕಟ್ಟಡಗಳಿಗೆ ದಿಕ್ಕಿಲ್ಲದಂತಾಯಿತು. ಬಾಗಿಲು ಹೋಯಿತು, ತೊಲೆ ಹೋಯಿತು, ಗೋಡೆಯಲ್ಲಿ ಆಲದ ಗಿಡ ಬೇರು ಬಿಟ್ಟಿತು. ಕೊನೆಗೆ "ಅಪಾಯಕಾರಿ ಕಟ್ಟಡ" ಅಂತ ಬರೆದು ಕೆಡವಿದರಾಯಿತು. ಅಪಾಯಕಾರಿ ಮಾಡಿದ್ದು ಯಾರು ಅಂತ ಯಾರೂ ಬರೆಯುವುದಿಲ್ಲ.

ನಂದಿ ಹಾಲ್ಟಿನ ಹಳೇ ನಿಲ್ದಾಣವನ್ನು ಇಂಟ್ಯಾಕ್ ಸಂಸ್ಥೆಯವರು ರೈಲ್ವೆಯ ಒಪ್ಪಿಗೆ ಪಡೆದು ದುರಸ್ತಿ ಮಾಡಿಸಿದರು. ಅವರಿಗೆ ನಮಸ್ಕಾರ. ಆದರೆ ಬೆಟ್ಟ ನೋಡಲು ಬರುವ ಪೇಟೆಯವರ ಕಣ್ಣಿಗೆ ಬಿದ್ದ ಕಟ್ಟಡ ಮಾತ್ರ ಉಳಿಯಬೇಕೇ? ಬೆಟ್ಟವಿಲ್ಲದ ಊರಿನ ಸ್ಟೇಷನ್ನಿನ ಗತಿ ಏನು?

ಈಗ ಬೆಲೆಯ ಮಾತಿಗೆ ಬರ್ತೀನಿ. ಟೊಮೆಟೊ, ಮಾವು, ಹುಣಸೆ ಬೆಳೆಯುವ ಈ ಸೀಮೆಯ ರೈತ ಯಾಕೆ ಸೋಲ್ತಾನೆ? ಮಾಲನ್ನು ನಾಲ್ಕು ದಿನ ಇಟ್ಟುಕೊಳ್ಳಲು ಅವನಿಗೆ ಸೂರಿಲ್ಲ. ತಲೆ ಮೇಲೆ ಸಾಲ, ಬಾಗಿಲಲ್ಲಿ ಲಾರಿ, ಕೇಳಿದ ಬೆಲೆಗೆ ಕೊಡಲೇಬೇಕು. ಟೊಮೆಟೊ ಕಾಯುವುದಿಲ್ಲ, ಒಪ್ಪೋಣ. ಹುಣಸೆ, ರಾಗಿ, ನೆಲಗಡಲೆ ಕಾಯ್ತವಲ್ಲ? ಉಗ್ರಾಣದ ರಸೀದಿ ಅಡವಿಟ್ಟು ಸಾಲ ಪಡೆಯಲು 2007ರಲ್ಲೇ ಕಾಯ್ದೆ ಆಗಿದೆ. ಉಗ್ರಾಣವೇ ಇಲ್ಲದ ಊರಲ್ಲಿ ರಸೀದಿ ಎಲ್ಲಿಂದ ತರೋಣ?

ರೈಲು ನಮಗೆ ಬೇಕಾಗಿಲ್ಲ ಅನ್ನುವವರಿಗೆ ಒಂದು ಮಾತು. 2021ರ ಮಾವಿನ ಸುಗ್ಗಿಯಲ್ಲಿ ಇದೇ ದಾರಿಯಿಂದ ಕಿಸಾನ್ ರೈಲು ದೆಹಲಿಗೆ ಮಾವು ಹೊತ್ತುಕೊಂಡು ಹೋಯಿತು. ಬಾಡಿಗೆಯಲ್ಲಿ ಅರ್ಧ ರಿಯಾಯಿತಿ ಇತ್ತು. 2022ರಲ್ಲಿ ರಿಯಾಯಿತಿ ನಿಂತಿತು. ಹಳಿ ಅಲ್ಲೇ ಇದೆ, ಮಾವೂ ಇದೆ, ಇಲ್ಲದ್ದು ಮನಸ್ಸು.

ಹಳೇ ಕಾಲವೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಬಿದ್ದೇ ಹೋಗುವ ಗೋಡೆಯನ್ನು ಕೆಡವಲಿ. ನಾವು ಕೇಳುವುದು ಮೂರೇ ಮಾತು. ಈ ದಾರಿಯ ಹಳೇ ಕಟ್ಟಡಗಳ ಪಟ್ಟಿಯನ್ನು ಆಯಾ ಪಂಚಾಯಿತಿಯಲ್ಲಿ ಅಂಟಿಸಬೇಕು. ಕೆಡವುವ ಮುಂಚೆ ಗ್ರಾಮಸಭೆಗೆ ತಿಳಿಸಬೇಕು. ಗಟ್ಟಿಯಾಗಿರುವುದನ್ನು ಊರಿನ ಸಹಕಾರ ಸಂಘಕ್ಕೆ ಕಡಿಮೆ ಬಾಡಿಗೆಗೆ ಕೊಟ್ಟು, ಗೋದಾಮು ಮಾಡಿ, ಬಾಗಿಲಲ್ಲಿ ಒಂದು ಸರಿಯಾದ ತಕ್ಕಡಿ ಇಡಬೇಕು.

ಜಾಗ ರೈಲ್ವೆಯದು ಅಂತಾರೆ. ಇರಲಿ, ಕಾಗದ ಅವರದೇ. ಸೆಸ್ಸು ಕಟ್ಟಿದ ಬೆವರು ಯಾರದು?

ನಿಮ್ಮೂರ ಹತ್ತಿರದ ಸ್ಟೇಷನ್ನಿಗೆ ಈ ವಾರ ಒಮ್ಮೆ ಹೋಗಿ ಬನ್ನಿ. ಗೋಡೆ ಗಟ್ಟಿ ಇದೆಯಾ, ಸೂರು ಇದೆಯಾ ನೋಡಿ, ಬರೆದುಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಬುಲ್ಡೋಜರ್ ಬಂದ ಮೇಲೆ ಕೂಗಿದರೆ ಸಿಗುವುದು ಧೂಳು ಮಾತ್ರ.