ಸೂಟಿ ಬರೇ ಗಂಡಹುಡುಗರಿಗೇನು?

ಎಪ್ರಿಲ್ 10ಕ್ಕ ಸಾಲಿ ರಿಸಲ್ಟ್ ಆತು, ಮೂರು ದಿವಸಕ್ಕ ನಮ್ಮನಿಗೆ ಮೂರು ಮಂದಿ ಮೊಮ್ಮಕ್ಕಳು ಬಂದಿಳಿದ್ರು. ಬೆಂಗಳೂರಿಂದ ಮಗನ ಮಗ, ಆರನೇತ್ತಾ ಮುಗಿಸ್ಯಾನ. ಅವನಿಗೆ ದೊಡ್ಡಾಂವ ಅನ್ನೋಣು. ಮೈಸೂರಿಂದ ಮಗಳ ಇಬ್ಬರು ಮಕ್ಕಳು, ಐದನೇತ್ತಾ ಮುಗಿಸಿದ ಪುಟ್ಟಿ, ಒಂದನೇತ್ತಾ ಮುಗಿಸಿದ ಸಣ್ಣಾಂವ. ಅವರನ್ನ ಬಿಡಲಿಕ್ಕೆ ಬಂದ ನನ್ನ ಮಗಳು ನಾಲ್ಕು ದಿವಸ ಇದ್ದಳು.

ಅವರು ಬರೂದ್ರಾಗ ನಾ ಒಂದು ಪಟ್ಟಿ ಬರದು ಫ್ರಿಜ್ಜಿಗೆ ಅಂಟಿಸಿದ್ದೆ. ಕುರಡಗಿ, ಸಾಬೂದಾನಿ ಸಂಡಗಿ, ಹಪ್ಪಳ, ಮಸಾಲಿ ಖಾರ, ಉಪ್ಪಿನಕಾಯಿ, ನಮ್ಮ ಅತ್ತಿಯವರ ಹಳೇ ಸೀರಿದೊಂದು ಕೌದಿ, ಹಿತ್ತಲದ ಗ್ವಾಡಿಗೆ ಸುಣ್ಣ. ನಮ್ಮ ಮನಿಯವರು ಅದನ್ನ ಓದಿ, "ಇದು ಸೂಟಿನೋ, ಟೆಂಡರೋ?" ಅಂದ್ರು. ನಾ ಏನೂ ಅನ್ನಲಿಲ್ಲ. ಅವರಿಗೇನು, ತಾಟಿನಾಗ ಕುರಡಗಿ ಬಂದಾಗ ಟೆಂಡರ್ ನೆನಪಾಗಂಗಿಲ್ಲ.

ಕುರಡಗಿ ಮಾಡಿದವರಿಗೆ ಗೊತ್ತು, ಅದು ಒಂದು ದಿವಸದ ಕೆಲಸ ಅಲ್ಲ. ಗೋಧಿ ಮೂರು ದಿವಸ ನೆನೀಬೇಕು, ದಿನಾ ನೀರು ಬದಲಸಬೇಕು. ನಾಲ್ಕನೇ ದಿವಸ ರುಬ್ಬಿ, ಹಿಂಡಿ, ಹಾಲು ಸೋಸಿ ರಾತ್ರಿ ಇಡಬೇಕು. ಮರುದಿನ ನಸಕಿನ್ಯಾಗ ಎದ್ದು ಮ್ಯಾಲಿನ ತಿಳಿ ಚೆಲ್ಲಿ, ಕುದಿಯೋ ನೀರಿಗೆ ಉಪ್ಪು, ಇಂಗು ಹಾಕಿ, ಆ ಗಟ್ಟಿ ಹಾಲು ಬಿಟ್ಟು, ಗಂಟಾಗದಂಗ ತಿರುವಬೇಕು. ಬಿಸಿ ಇದ್ದಾಗಲೇ ಒತ್ತಬೇಕು, ಆರಿದ್ರ ಕೈ ಮುರದು ಬೀಳ್ತದ. ಬಿಸಲು ಏರೂದ್ರಾಗ ಮಾಳಿಗಿ ಮ್ಯಾಲೆ ಹಾಸಿದ ಧೋತರದ ಮ್ಯಾಲೆ ಎಲ್ಲಾ ಬಿದ್ದಿರಬೇಕು.

ಹಂಗ ಆ ದಿವಸ ಮುಂಜಾನೆ ಐದಕ್ಕ ಎದ್ದೆ. ರೂಢಿ ನೋಡ್ರಿ, ಸೀದಾ ಹೋಗಿ ಪುಟ್ಟಿನ್ನ ಎಬ್ಬಿಸಲಿಕ್ಕೆ ಹತ್ತಿದೆ. "ಏಳವ್ವಾ ಬಂಗಾರ, ಧೋತರ ಹಾಸೂಣು." ದೊಡ್ಡಾಂವ ಬಾಜೂಕ ಮಕ್ಕೊಂಡಿದ್ದ. ರಾತ್ರಿ ಐಪಿಎಲ್ ನೋಡ್ಯಾನ, ಪಾಪ ಮಲಗಲಿ ಅಂತ ಅವನ ಮ್ಯಾಲೆ ಚಾದರ ಎಳದೆ. ಮಗಳು ಬಾಗಲದಾಗ ನಿಂತು ನೋಡಲಿಕ್ಕೆ ಹತ್ತಿದ್ದಳು.

"ಅವ್ವಾ, ಅಕಿನ್ನ ಒಬ್ಬಾಕಿನ್ನ ಎಬ್ಬಿಸಬ್ಯಾಡ. ಎಬ್ಬಿಸೂದಾದ್ರ ಮೂರೂ ಮಂದಿನ್ನ ಎಬ್ಬಿಸು, ಇಲ್ಲಾಂದ್ರ ಮೂರೂ ಮಂದಿ ಮಲಗಲಿ" ಅಂದಳು.

ನನಗ ಸಿಟ್ಟು ಬಂತು. ನಿಂತು ಮಾತಾಡೂ ಹೊತ್ತಲ್ಲ ಅದು, ಒಲಿ ಮ್ಯಾಲೆ ನೀರು ಕುದೀಲಿಕ್ಕೆ ಹತ್ತಿದ್ವು. "ನೀನೂ ಇದ ಮಾಡಿ ಬೆಳದೀಯಲ್ಲ, ಏನು ಸವದೀ?" ಅಂದೆ. ಅಕಿ ಜಗಳಕ್ಕ ಬರಲಿಲ್ಲ. ಸಾವಕಾಶ ಹೇಳಿದಳು, "ಏಳನೇತ್ತೆ ಸೂಟ್ಯಾಗ ನನಗ ಸೈಕಲ್ ಕಲೀಬೇಕಾಗಿತ್ತು ಅವ್ವಾ. ಕುರಡಗಿ ಆಗಲಿ ಅಂದಿ. ಆಮ್ಯಾಲೆ ಖಾರ ಆಗಲಿ ಅಂದಿ. ಆಮ್ಯಾಲೆ ಸಾಲಿ ಸುರು ಆತು. ಅಣ್ಣ ದಿನಾ ಸೈಕಲ್ ತಗೊಂಡು ಕ್ರಿಕೆಟ್ ಆಡಲಿಕ್ಕೆ ಹೋಗತಿದ್ದ. ನನಗ ಇನ್ನೂ ಸೈಕಲ್ ಬರಂಗಿಲ್ಲ. ಅದಕ್ಕ ಸ್ಕೂಟರೂ ಬರಲಿಲ್ಲ."

ಅಷ್ಟ. ಬಂದು ನನ್ನ ಜೋಡಿ ಕುರಡಗಿ ಒತ್ತಿದಳು, ನಗು ನಗುತನ ಇದ್ದಳು. ನಾಲ್ಕನೇ ದಿವಸ ಮೈಸೂರಿಗೆ ಹೋದಳು. ನನಗ ಮಾತ್ರ ಆ ಮಾತು ಚಪ್ಪಲ್ಯಾಗ ಸಿಕ್ಕ ಹಳ್ಳಿನಂಗ ಉಳೀತು. 2006ರ ಸುಮಾರಿಗೆ ಸರಕಾರದವರು ಎಂಟನೇತ್ತಾ ಹುಡುಗ್ಯಾರಿಗೆ ಸೈಕಲ್ ಕೊಡಲಿಕ್ಕೆ ಸುರು ಮಾಡಿದ್ರು, ನೆನಪದ ಅಲ್ರೀ? ಹಳ್ಳಿ ರಸ್ತೆದಾಗ ಹಿಂಡು ಹಿಂಡು ಹುಡುಗ್ಯಾರು ಎರಡು ಜಡಿ ಹಾಕ್ಕೊಂಡು ಸೈಕಲ್ ತುಳಕೋತ ಹೋಗೂದು ನೋಡಿ ನಾನೂ ಖುಷಿ ಪಟ್ಟಾಕಿನ. ಎಷ್ಟು ಛಂದ ಆತು ಅಂದಾಕಿನ. ನನ್ನ ಮನಿ ಹುಡುಗಿಗೆ ಬರಂಗಿಲ್ಲ ಅನ್ನೂದು ಆವಾಗ ತಲ್ಯಾಗ ಹೊಳೀಲೇ ಇಲ್ಲ.

ಮತ್ತ ಆ ಅಣ್ಣನ ಕಥಿ ಕೇಳ್ರಿ. 2020ರಾಗ ಮಾರ್ಚ್ ಕೊನಿಗೆ ಲಾಕ್‌ಡೌನ್ ಆದಾಗ ಸೊಸಿ ತವರುಮನ್ಯಾಗ ಸಿಕ್ಕೊಂಡಳು, ಇಂವ ಬೆಂಗಳೂರಾಗ ಒಬ್ಬನ. ದಿನಾ ಮೂರು ಸರ್ತಿ ಫೋನು. "ಅವ್ವಾ, ಅನ್ನಕ್ಕ ಎಷ್ಟು ನೀರು? ಬ್ಯಾಳಿ ಯಾಕ ಬೇಯವಲ್ದು?" ದೊಡ್ಡ ಇಂಜಿನಿಯರ್! ಮಂದಿ ಮುಂದ ಚಾಷ್ಟಿ ಮಾಡಿ ಹೇಳತಿದ್ದೆ. ಆದ್ರ ಆ ಫೋನ್ ಬಂದಾಗ ಒಂದೊಂದು ದಿವಸ ಅವನ ದನಿ ಅಳೂ ಹಂಗ ಇರತಿತ್ತು. ಮಗಳಿಗೆ ಸೈಕಲ್ ಕಲಸಲಿಲ್ಲ, ಮಗನಿಗೆ ಅನ್ನ ಕಲಸಲಿಲ್ಲ. ಎರಡೂ ನನ್ನ ಕೈಲೆ ಆದದ್ದು.

ಇದನ್ನ ಓದಿ ನೀವು, "ಹಂಗಾರ ಮಕ್ಕಳಿಗೆ ಕೆಲಸ ಹಚ್ಚಲೇಬಾರದು ಅಂತೀರೇನು?" ಅಂತ ಕೇಳಬಹುದು. ಖರೇ ಹೇಳ್ತೀನಿ, ನಾ ಅದಕ್ಕ ಉಲ್ಟಾ. ಹಚ್ಚಲೇಬೇಕು. ಈಗ ಸಮ್ಮರ್ ಕ್ಯಾಂಪ್ ಅಂತ ರೊಕ್ಕಾ ತುಂಬಿ ಬಣ್ಣದ ಹಿಟ್ಟು ನಾದಲಿಕ್ಕೆ ಕಳಸ್ತೀವಿ, ಮನ್ಯಾಗ ಹಪ್ಪಳದ ಹಿಟ್ಟು ಮುಟ್ಟಿದ್ರ "ಏ, ಕೈ ತೊಳಕೊಂಡೀ? ದೂರ ಸರಿ" ಅಂತೀವಿ. ನನ್ನ ತಕರಾರು ಇರೂದು ಹಂಚಿಕಿ ಮ್ಯಾಲೆ. ಹುಡುಗ್ಯಾರಿಗೆ ನಾವು ಕೊಡೂ ಕೆಲಸ ನೋಡ್ರಿ: ಅದನ್ನ ತಾ, ಇದನ್ನ ಹಿಡಿ, ಕಾಗಿ ಓಡಿಸು. ಮುಗಿಯೂದಿಲ್ಲ, ಹೆಸರೂ ಇಲ್ಲ. ಗಂಡಹುಡುಗಗ ಖಾರದ ಗಿರಣಿಗೆ ಒಮ್ಮೆ ಕಳಸ್ತೀವಿ, ಅಂವ ಡಬ್ಬಿ ಹೊತ್ಕೊಂಡು ಬಂದ್ರ "ಅಬಬಾ, ನಮ್ಮ ಹುಡುಗ ಎಷ್ಟು ಶಾಣ್ಯಾ" ಅಂತ ಪೇಡೆ ಕೊಡ್ತೀವಿ. ತುಂಬು ಮುರದು ಕೈ ಉರಿಸಿಕೊಂಡಾಕಿ ಮೂಲ್ಯಾಗ ಕೂತು ಕೊಬ್ರಿಎಣ್ಣಿ ಹಚ್ಚಿಕೋತಿರತಾಳ.

ಮಗಳು ಹೋದ ದಿವಸ ಆ ಪಟ್ಟಿ ಹರದು ಹೊಸಾದು ಬರದೆ. ಮೂರು ಮಂದಿಗೂ ಒಂದೊಂದು ಕೆಲಸ, ಸುರುವಿನಿಂದ ಕೊನೀತನಕ ಅವರದ. ದೊಡ್ಡಾಂವಗ ಎರಡನೇ ಸರ್ತಿ ಕುರಡಗಿ, ಪುಟ್ಟಿಗೆ ಖಾರದ ಲೆಕ್ಕ ಮತ್ತ ಗಿರಣಿ, ಸಣ್ಣಾಂವಗ ಸಾಬೂದಾನಿ ಸಂಡಗಿ. ಕೌದಿ ಎಲ್ಲಾರೂ. ಸುಣ್ಣದ ಕೆಲಸ ಅವರಜ್ಜಗ ಬಿಟ್ಟೆ, ಟೆಂಡರ್ ಅಂದಿದ್ರಲ್ಲ.

ದೊಡ್ಡಾಂವ ಮೂರು ದಿವಸ ಗೋಧಿ ನೀರು ತಾನ ಬದಲಿಸಿದ, ಮೂಗು ಹಿಡ್ಕೊಂಡು. "ಅಜ್ಜಿ, ಇದು ಕೆಟ್ಟದ, ಚೆಲ್ಲಿಬಿಡು" ಅಂದ. ಕೆಟ್ಟಿಲ್ಲಪಾ, ಹುಳಿ ಬಂದದ ಅಂತ ಹೇಳಿದೆ. ತಿರುವೂ ಮುಂದ ರಟ್ಟಿ ನೋವು ಬಂದು, "ನೀ ವರ್ಷಾ ಇದನ್ನ ಮಾಡ್ತಿಯೇನು? ಒಬ್ಬಾಕಿನ?" ಅಂತ ಕೇಳಿದ. ಆ ಮಾತು ನನ್ನ ಮಗ ಮೂವತ್ತೇಳು ವರ್ಷದಾಗ ಕೇಳಿಲ್ಲ ನೋಡ್ರಿ. ಖಾರಕ್ಕ ಬಣ್ಣ ಬರಲಿ ಅಂತ ಬ್ಯಾಡಗಿ, ಝಣಝಣ ಬರಲಿ ಅಂತ ಗುಂಟೂರು, ಎರಡರ ತೂಕ ಪುಟ್ಟಿನ ಮಾಡಿ ಬರಕೊಂಡಳು. ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಜಿಐ ಟ್ಯಾಗ್ ಬಂದದ, ಅದರ ಬಣ್ಣ ಲಿಪ್‌ಸ್ಟಿಕ್‌ಗೂ ಹಾಕ್ತಾರ ಅಂತ ಎಲ್ಲೋ ಓದಿ ಎಲ್ಲಾರಿಗೂ ಹೇಳಿದ್ದ ಹೇಳಿದ್ದು. ತುಂಬು ಮಾತ್ರ ಈ ಸರ್ತಿ ನಾಲ್ಕೂ ಮಂದಿ ಕೂತು ಮುರದ್ವಿ. ಸಣ್ಣಾಂವನ ಸಂಡಗಿ ಕಾಲುಭಾಗ ಕಾಗಿಗೆ ಹೋದ್ವು. ಹೋಗಲಿ.

ನಡುವ ನಮ್ಮ ನಾದಿನಿ ಬಂದಿದ್ರು. ದೊಡ್ಡಾಂವ ಒಲಿ ಮುಂದ ನಿಂತದ್ದು ನೋಡಿ, "ಏನವಾ ಇದು, ಗಂಡಹುಡುಗನ ಕೈಲೆ ಕುರಡಗಿ ತಿರುವಸಲಿಕ್ಕೆ ಹತ್ತೀದಿ? ನೋಡಿದವರು ಏನಂದಾರು?" ಅಂದ್ರು. ನಾ ಕೇಳಿದೆ, "ಅಕ್ಕಾ, ನಿಮ್ಮ ಮಗನ ಮದವಿಗೆ ಸಾವಿರ ಮಂದಿಗೆ ಅಡಿಗಿ ಮಾಡಿದವರು ಯಾರು? ಎಲ್ಲಾ ಗಂಡಸರ ಅಲ್ರೀ? ಅವರಿಗೆ ಯಾರಾದರೂ ಏನರೆ ಅಂದ್ರೇನು?" ಅವರು ಚಾ ಕುಡದು, "ನಿನಗ ಮಾತಿಗೇನು ಕಡಿಮಿಲ್ಲ" ಅಂತ ಎದ್ರು. ಹೋಗುವಾಗ ಅರ್ಧಾ ಕೆಜಿ ಖಾರ ಒಯ್ಯೂದು ಮರೀಲಿಲ್ಲ.

ಇನ್ನೊಂದು ಮಾತು, ಇದಕ್ಕ ನೀವು ನನ್ನ ಮ್ಯಾಲೆ ಸಿಟ್ಟಾದ್ರೂ ಅಡ್ಡಿಯಿಲ್ಲ. ನಾವು ಮಾಡೂದು ಅತೀ ಆಗೇದ. ಹದಿನಾಲ್ಕು ಮಂದಿ ಇದ್ದ ಮನ್ಯಾಗ ನಮ್ಮ ಅತ್ತಿಯವರು ಐದು ಕೆಜಿ ಗೋಧಿ ನೆನಸತಿದ್ರು. ಈಗ ನಾವಿಬ್ಬರ ಇರೂದು, ನಾ ಹೋದ ವರ್ಷದ ತನಕ ಐದು ಕೆಜಿನ ನೆನಸೀನಿ. ಯಾಕ ಅಂದ್ರ ಬರಿಗೈಲೆ ಯಾರನ್ನೂ ಕಳಸಬಾರದು ಅನ್ನೂ ಅಂಜಿಕಿ, ಇಷ್ಟು ಮಾಡಿದೆ ಅಂತ ಹೇಳೂ ಹಮ್ಮು. ಆ ಹೆಚ್ಚಿಗಿ ಮೂರು ಕೆಜಿ ಯಾರ ಸೂಟ್ಯಾಗಿಂದ ಬಂದದ್ದು ಅಂತ ಈಗ ಗೊತ್ತಾತು. ಈ ವರ್ಷ ಎರಡೂ ಸರ್ತಿ ಕೂಡಿ ಎರಡ ಕೆಜಿ. ಹಪ್ಪಳ ಬಿಟ್ಟೇಬಿಟ್ಟೆ, ಅಂಗಡ್ಯಾಗ ತಂದೆ. ಜೀವ ಹೋಗಲಿಲ್ಲ.

ಹಂಗ ಉಳದ ಸಂಜಿ ಹೊತ್ತಿನ್ಯಾಗ ಬಾಡಿಗಿ ಸೈಕಲ್ ತಂದು ಕೆಸಿಡಿ ಗ್ರೌಂಡಿಗೆ ಹೋಗತಿದ್ವಿ. ದೊಡ್ಡಾಂವ ಹಿಂದ ಹಿಡಿಯಾಂವ, ಪುಟ್ಟಿ ತುಳಿಯಾಕಿ. ಒಂಬತ್ತನೇ ದಿವಸ ಅಂವ ಕೈ ಬಿಟ್ಟದ್ದು ಅಕಿಗೆ ಗೊತ್ತಾಗಲಿಲ್ಲ. ವಿಡಿಯೋ ಮಾಡಿ ಮಗಳಿಗೆ ಕಳಿಸಿದೆ. ಎರಡು ನೀಲಿ ಗೆರಿ ಬಂದ್ವು, ಬಹಳ ಹೊತ್ತು ಉತ್ತರ ಇಲ್ಲ. ರಾತ್ರಿ ಫೋನ್ ಮಾಡಿ ಖಾರದ ಬಗ್ಗೆ, ಕೌದಿ ಬಗ್ಗೆ, ಎಲ್ಲಾದರ ಬಗ್ಗೆ ಮಾತಾಡಿದಳು. ಸೈಕಲ್ ಸುದ್ದಿ ಅಕಿನೂ ತಗೀಲಿಲ್ಲ, ನಾನೂ ತಗೀಲಿಲ್ಲ.

ಮೇ ಕೊನಿಗೆ ಎಲ್ಲಾರೂ ಹೋದ್ರು. ಕೌದಿ ಅರ್ಧಾ ಆಗೇದ, ಒಂದು ಬಾಜೂದ ಹೊಲಿಗಿ ದೊಡ್ಡಾಂವನ ಕೈದು, ಹಾವು ಹರದಂಗ ಹೋಗೇದ. ಬಿಚ್ಚಬ್ಯಾಡ ಅಂತ ತಾಕೀತು ಮಾಡಿ ಹೋಗ್ಯಾನ. ನಿನ್ನೆ ಫೋನ್ ಮಾಡಿ, ತನ್ನ ಕುರಡಗಿ ಕರದು ತಿಂದ್ರೋ ಇಲ್ಲೋ, ಎಣ್ಣ್ಯಾಗ ಅರಳಿದ್ವೋ ಇಲ್ಲೋ ಅಂತ ಕೇಳಿದ. ಅರಳ್ಯಾವಪಾ ಅಂದೆ. ಒಂದೆರಡು ಗಂಟು ಇದ್ವು, ಅದನ್ನ ಹೇಳಲಿಲ್ಲ.